ಸಂಜೆ ಏಳಕ್ಕೆ ಬನ್ನಿ, ಕೈ ತೊಳೆದುಕೊಂಡು

ಎರಡು ವರ್ಷದ ಹಿಂದಿನ ಮಾತು. ಜಡಿಮಳೆ ಹಿಡಿದಿದ್ದ ಒಂದು ಶನಿವಾರ ಕಾಲೇಜಿನ ಕಾಲದ ನಾಲ್ಕು ಜನ ಗೆಳತಿಯರನ್ನು ಮೈಸೂರಿನ ನನ್ನ ಮನೆಗೆ ಕರೆದಿದ್ದೆ. ಹೆಸರು ಬೇಡ, ಊರಿನಿಂದಲೇ ಕರೆಯುತ್ತೇನೆ. ಹಾಸ್ಟೆಲಿನಲ್ಲೂ ಹಾಗೇ ಕರೆಯುತ್ತಿದ್ದೆವು: ಹುಬ್ಬಳ್ಳಿ, ಕುಮಟೆ, ತೀರ್ಥಹಳ್ಳಿ, ಮಂಡ್ಯ. ಊಟಕ್ಕೆ ಬಿಸಿಬೇಳೆಬಾತು ಮಾಡಿಟ್ಟಾಗಿತ್ತು. ಅದಕ್ಕೂ ಮುಂಚೆ ಹರಟೆಯ ಜೊತೆ ಬಾಯಾಡಿಸಲು ಏನಾದರೂ ಇರಲಿ ಅಂತ ಗೋಬಿ ಮಂಚೂರಿಗೆ ಕೈ ಹಾಕಿದೆ. ಏಳಕ್ಕೆ ಬಂದವರು ಹಾಲಿನಲ್ಲಿ ಕಾಲು ಚಾಚಿ ಕೂತರು. ನಾನು ಬಾಣಲೆಯ ಮುಂದೆ ನಿಂತೆ. ಎಂಟೂವರೆಗೂ ಅಲ್ಲೇ ನಿಂತಿದ್ದೆ.

ಗೋಬಿ ಮಂಚೂರಿ ಸುಲಭ ಅನ್ನುವವರು ಅದನ್ನು ಗಾಡಿಯ ಮುಂದೆ ನಿಂತು ತಿಂದವರೇ ಹೊರತು ಮನೆಯಲ್ಲಿ ಮಾಡಿದವರಲ್ಲ. ಹೂಕೋಸು ಬಿಡಿಸಿ, ಹುಳ ಹೋಗಲೆಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಬಟ್ಟೆಯ ಮೇಲೆ ಹರವಿ ಒರೆಸಬೇಕು. ತೇವ ಉಳಿದರೆ ಹಿಟ್ಟು ಹಿಡಿಯುವುದಿಲ್ಲ. ಎರಡು ಪಾಲು ಮೈದಾಕ್ಕೆ ಒಂದು ಪಾಲು ಕಾರ್ನ್‌ಫ್ಲೋರ್. ಕರಿಯುವುದು ಎರಡು ಸಲ. ಮೊದಲು ಹದವಾದ ಉರಿಯಲ್ಲಿ, ಒಳಗಿನ ನೀರು ಹೊರಗೆ ಬರಲಿ ಅಂತ. ಆಮೇಲೆ ಜೋರು ಉರಿಯಲ್ಲಿ, ಹೊರಮೈ ಗರಿಯಾಗಲಿ ಅಂತ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಸೋಯಾ ಸಾಸ್, ವಿನೆಗರ್ ಸೇರಿದ ಗೊಜ್ಜಿಗೆ ಬಿದ್ದ ಮೇಲೆ ಅದರ ಆಯಸ್ಸು ಐದೇ ನಿಮಿಷ.

"ಬಾರೇ, ಕೂತ್ಕೊ ಬಾ" ಅಂತ ಹಾಲಿನಿಂದ ಕೂಗು. "ಬಂದೆ, ಇದೊಂದು ಒಬ್ಬೆ" ಅಂತ ನಾನು. ಅವರ ನಗು ಅಡುಗೆಮನೆವರೆಗೆ ಬರುತ್ತಿತ್ತು, ಯಾಕೆ ನಗುತ್ತಿದ್ದಾರೆ ಅನ್ನುವುದು ಮಾತ್ರ ಬರುತ್ತಿರಲಿಲ್ಲ. ಹಾಸ್ಟೆಲಿನ ವಾರ್ಡನ್ ಬಗ್ಗೆ ಏನೋ ಕಥೆ ನಡೆದಿತ್ತು. ಕೊನೆಯ ಒಬ್ಬೆ ಮುಗಿಸಿ ಬೆವರು ಒರೆಸಿಕೊಂಡು ಹೋದಾಗ ಕಥೆ ಮುಗಿದಿತ್ತು, ಮೊದಲ ಒಬ್ಬೆಯ ಗೋಬಿ ಮೆತ್ತಗಾಗಿತ್ತು. "ಏನದು, ನನಗೂ ಹೇಳ್ರೇ" ಅಂದೆ. "ಈಗ ಹೇಳಿದ್ರೆ ನಗು ಬರಲ್ಲ ಬಿಡು" ಅಂದಳು ಮಂಡ್ಯ.

ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ಅಮ್ಮನ ನೆನಪಾಯಿತು. ಹಾಸನದ ನಮ್ಮ ಮನೆಗೆ ಅಪ್ಪನ ಸ್ನೇಹಿತರು ಬಂದರೆ ಅಮ್ಮ ಬಜ್ಜಿ ಕರಿಯುತ್ತಿದ್ದಳು. ಬಾಳೆಕಾಯಿ, ಈರುಳ್ಳಿ, ಹೀರೆಕಾಯಿ, ಮನೆಯಲ್ಲಿ ಏನಿದ್ದರೆ ಅದು. ಬಜ್ಜಿ ಬಿಸಿಯಾಗಿಯೇ ಇರಬೇಕು ಅನ್ನುವುದು ಅವಳ ಹಟ. ಹಾಗಾಗಿ ತಟ್ಟೆ ಹೊತ್ತು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡುವ ಕೆಲಸ ನನ್ನದು. "ಅತ್ತಿಗೆ, ನೀವೂ ಬನ್ನಿ" ಅಂತ ಬಂದವರು ಒಂದು ಸಲ ಕರೆಯುತ್ತಿದ್ದರು. ಕರೆದದ್ದು ಮರ್ಯಾದೆಗೆ, ಬಾರದೆ ಇದ್ದದ್ದೂ ಮರ್ಯಾದೆಗೆ. ಕಡೆಗೆ ತಳದಲ್ಲಿ ಉಳಿದ ಕಡಲೆಹಿಟ್ಟಿನ ಚೂರುಗಳನ್ನು ಕರಿದು, ಅದನ್ನೇ ಕಾಫಿಯ ಜೊತೆ ನಿಂತುಕೊಂಡೇ ತಿನ್ನುತ್ತಿದ್ದಳು. ಕೂತು ತಿಂದದ್ದನ್ನು ನಾನು ನೋಡಿದ ನೆನಪಿಲ್ಲ.

ಗೋಬಿ ಮಂಚೂರಿಯ ಮೇಲೆ ನನಗೇನೂ ದ್ವೇಷವಿಲ್ಲ, ಅದರ ಹುಟ್ಟಿನ ಕಥೆಯಂತೂ ಇಷ್ಟ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ನಮ್ಮದೇ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಚಿಕನ್ ಮಂಚೂರಿಯನ್ ಮಾಡಿದರು ಅನ್ನುವುದು ಎಲ್ಲರೂ ಹೇಳುವ ಕಥೆ. ಚೀನಾದ ಈಶಾನ್ಯಕ್ಕಿರುವ ಮಂಚೂರಿಯಾಕ್ಕೂ ಇದಕ್ಕೂ ಹೆಸರಿನದಷ್ಟೇ ನಂಟು. ಕೋಳಿ ಹೋಗಿ ಹೂಕೋಸು ಬಂದ ಮೇಲೆ ಅದು ನಮ್ಮ ಊರೂರಿನ ಬಸ್‌ಸ್ಟ್ಯಾಂಡಿನ ತಿಂಡಿಯಾಯಿತು. ಬಣ್ಣವೂ ಏರುತ್ತಾ ಹೋಯಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಬಣ್ಣಕ್ಕೇ ಹೆಸರಾದ, ಖಾರ ಕಡಿಮೆಯ ಬ್ಯಾಡಗಿ ಮೆಣಸಿನಕಾಯಿ ಇಲ್ಲೇ ಹಾವೇರಿಯಲ್ಲಿ ರಾಶಿ ಬೀಳುವಾಗ ನಮಗೆ ಡಬ್ಬಿಯ ಕೆಂಪು ಯಾಕೆ ಬೇಕಾಯಿತೋ! ನಾಲ್ಕು ಬ್ಯಾಡಗಿ ನೆನೆಸಿ ರುಬ್ಬಿ ಹಾಕಿದರೆ ಗಾಡಿಯ ಕೆಂಪು ಬರುವುದಿಲ್ಲ ನಿಜ, ಇಟ್ಟಿಗೆಯ ಕೆಂಪು ಬರುತ್ತದೆ. ನನಗೆ ಅದು ಸಾಕು.

ಆದರೆ ಗೆಳತಿಯರು ಬಂದ ದಿನ ಅದನ್ನು ಮಾಡಬಾರದು ಅಂತ ತೀರ್ಮಾನಿಸಿದೆ. ಕರಿಯುವ ಯಾವುದನ್ನೂ.

ನಡುವೆ ಒಂದು ಮಾತು. ಹೋಟೆಲಿನ ಮೆನುವಿನಲ್ಲಿ 'ಏಷ್ಯನ್ ಸ್ಟಾರ್ಟರ್ಸ್' ಅಂತ ಒಂದು ಪುಟ ಇರುತ್ತದೆ. ಅದರಲ್ಲಿ ಥಾಯ್ಲೆಂಡ್ ಇದೆ, ಚೀನಾ ಇದೆ, ಜಪಾನ್ ಇದೆ, ನಮ್ಮ ಬಜ್ಜಿ ಬೋಂಡಾ ಇಲ್ಲ. ಹಾಸನ ಏಷ್ಯಾದಲ್ಲಿಲ್ಲವೇ? ಅಷ್ಟೇ ಅಲ್ಲ, 'ಸ್ಟಾರ್ಟರ್' ಅನ್ನುವ ಏರ್ಪಾಡೇ ನಮ್ಮದಲ್ಲ. ನಮ್ಮ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಒಂದರ ಹಿಂದೊಂದು ಬಡಿಸಿ, ಎಲ್ಲವೂ ಕೂಡಿಯೇ ಇರುತ್ತದೆ. ಥಾಯ್ ಮನೆಗಳಲ್ಲೂ ವಿಯೆಟ್ನಾಮಿನ ಮನೆಗಳಲ್ಲೂ ಹಾಗೇ, ಎಲ್ಲವನ್ನೂ ಒಟ್ಟಿಗೇ ನಡುವೆ ಇಟ್ಟು ಹಂಚಿಕೊಂಡು ತಿನ್ನುತ್ತಾರೆ. ಮೊದಲು ಇದು, ಆಮೇಲೆ ಅದು ಅಂತ ಸಾಲು ಹಚ್ಚಿದ್ದು ಹೋಟೆಲು.

ಮುಂದಿನ ಸಲಕ್ಕೆ ಮೋಮೊ, ಅಂದರೆ ಹೂರಣ ತುಂಬಿ ಆವಿಯಲ್ಲಿ ಬೇಯಿಸುವ ಟಿಬೆಟ್ಟಿನ ಕಡುಬು, ಮಾಡೋಣ ಅಂದವಳು ಮಂಡ್ಯ. ಅವಳೂ ನಾನೂ ಒಂದು ಭಾನುವಾರ ಮಡಿಕೇರಿ ಬಸ್ಸು ಹತ್ತಿ ಬೈಲಕುಪ್ಪೆಗೆ ಹೋದೆವು. ಮೈಸೂರಿನಿಂದ ಎಂಬತ್ತು ಕಿಲೋಮೀಟರಿನ ಆಸುಪಾಸು. 1960ರ ದಶಕದ ಶುರುವಿನಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಟಿಬೆಟ್ಟಿನಿಂದ ಬಂದವರು ಕಾಡು ಕಡಿದು, ಮುಸುಕಿನ ಜೋಳ ಹಾಕಿ ನೆಲೆ ನಿಂತ ಜಾಗ. 1963ರಲ್ಲಿ ಶುರುವಾದ ನಾಮ್‌ಡ್ರೋಲಿಂಗ್ ಮಠವನ್ನೇ ನಾವೆಲ್ಲ ಗೋಲ್ಡನ್ ಟೆಂಪಲ್ ಅನ್ನುವುದು. ಅದರ ಹತ್ತಿರದ ಸಣ್ಣ ಹೋಟೆಲೊಂದರಲ್ಲಿ ಬಾಗಿಲ ಬಳಿಯೇ ಕೂತು ಒಬ್ಬರು ಮೋಮೊ ಮಡಿಸುತ್ತಿದ್ದರು. ಹುಟ್ಟಿದ್ದು ಇಲ್ಲೇ, ಕನ್ನಡ ನಮಗಿಂತ ಚುರುಕು. ಅವರ ಅಜ್ಜಿ ಹಿಮಾಲಯದ ಕಡೆ ರಸ್ತೆ ಕೆಲಸ ಮಾಡಿ ಆಮೇಲೆ ಇಲ್ಲಿಗೆ ಬಂದವರಂತೆ. ಬಂದ ಹೊಸದರಲ್ಲಿ ಈ ಸೆಕೆಯೇ ದೊಡ್ಡ ಶತ್ರುವಾಗಿತ್ತು ಅಂತ ಹೇಳುತ್ತಿದ್ದರಂತೆ.

ನಾನು ಕೇಳಬೇಕೆಂದುಕೊಂಡದ್ದು ಒಂದೇ: ನನ್ನ ಮೋಮೊ ಯಾಕೆ ಹರಿಯುತ್ತದೆ? ಅವರು ನಕ್ಕರು. "ಎಲೆಕೋಸಿಗೆ ಉಪ್ಪು ಹಾಕಿ ಹಿಂಡ್ತೀರಾ?" ಇಲ್ಲ. "ಮತ್ತೆ! ಅದು ಒಳಗೇ ನೀರು ಬಿಡುತ್ತೆ." ಸಣ್ಣಗೆ ಹೆಚ್ಚಿದ ಕೋಸಿಗೆ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಹಿಂಡಿದ ಮೇಲೆ ಎಣ್ಣೆ, ಶುಂಠಿ, ಈರುಳ್ಳಿ. ಇನ್ನೊಂದು, ಹಾಳೆಯನ್ನು ಪೂರಿಯ ಹಾಗೆ ಒಂದೇ ಸಮ ಒತ್ತಬಾರದು. ನಡುವೆ ದಪ್ಪ, ಅಂಚು ತೆಳು. ನೆರಿಗೆಗಳೆಲ್ಲ ಮೇಲೆ ಒಂದೆಡೆ ಕೂಡುವುದರಿಂದ ಅಂಚು ದಪ್ಪವಿದ್ದರೆ ತುದಿ ಬೇಯುವುದೇ ಇಲ್ಲ.

ಮನೆಯಲ್ಲಿ ಐದೂ ಜನ ಊಟದ ಮೇಜಿನ ಸುತ್ತ ಕೂತು ಮಡಿಸಿದೆವು. ಮೋಮೊ ಪಾತ್ರೆ ಯಾಕೆ, ಇಡ್ಲಿ ಪಾತ್ರೆ ಇದೆಯಲ್ಲ. ಕುಳಿಯ ತಟ್ಟೆ ತೆಗೆದು, ರಂಧ್ರದ ತಟ್ಟೆಗೆ ಬಾಳೆ ಎಲೆಯ ಚೂರು ಹಾಸಿದರೆ ಅಂಟುವ ಮಾತೇ ಇಲ್ಲ, ಹತ್ತು ಹನ್ನೆರಡು ನಿಮಿಷಕ್ಕೆ ಹಾಳೆ ಹೊಳೆಯತೊಡಗುತ್ತದೆ. ತೀರ್ಥಹಳ್ಳಿಯ ಕೈ ಮೊದಲ ಮೋಮೊಗೇ ಸಲೀಸಾಗಿ ಓಡಿತು. "ಎಂತ ಮಾರಾಯ್ತಿ, ಇದು ಮೋದಕವೇ ಅಲ್ವನೇ" ಅಂದಳು. ನಿಜ, ಗಣೇಶನ ಹಬ್ಬಕ್ಕೆ ನೆರಿಗೆ ಹಿಡಿದ ಬೆರಳುಗಳಿಗೆ ಮೋಮೊ ಹೊಸದಲ್ಲ. ಹುಬ್ಬಳ್ಳಿಯವಳು ಮಡಿಸಿದ್ದು ಕರ್ಜಿಕಾಯಿಯ ಆಕಾರ. ಟಿಬೆಟನ್ನರು 'ಸೆಪೆನ್' ಅನ್ನುವ ಖಾರದ ಚಟ್ನಿಗೆ ಒಣಮೆಣಸಿನಕಾಯಿ, ಟೊಮೆಟೊ, ಬೆಳ್ಳುಳ್ಳಿ ಸಾಕು. ನಾನು ಅವತ್ತು ಮುಕ್ಕಾಲು ಪಾಲು ಹೊತ್ತು ಕೂತೇ ಇದ್ದೆ. ಕಾಲು ಪಾಲು ಮಾತ್ರ ಒಬ್ಬೆ ಇಳಿಸಲು, ಒಬ್ಬೆ ಏರಿಸಲು ಎದ್ದೆ. ಐದಾರು ಜನಕ್ಕೆ ಇದು ಸರಿ. ಹತ್ತು ಜನ ಬಂದರೆ ಮೋಮೊ ಮಾಡುವವರ ಪಾಡು ಬಜ್ಜಿ ಕರಿಯುವವರ ಪಾಡೇ.

ಗೆಳತಿಯರು ಬಂದ ಮೇಲೆ ಒಲೆಯನ್ನೇ ಹಚ್ಚಬೇಕಿಲ್ಲದ ತಿಂಡಿ ಸಿಕ್ಕಿದ್ದು ವಿಯೆಟ್ನಾಮಿನಿಂದ. ಗೋಯ್ ಕುವೋನ್ ಅಂತ ಅದರ ಹೆಸರು. ಗೋಯ್ ಅಂದರೆ ಅವರ ಕೋಸಂಬರಿ ಅನ್ನಬಹುದು, ಕುವೋನ್ ಅಂದರೆ ಸುತ್ತಿದ್ದು. ತೆಳ್ಳಗಿನ ಅಕ್ಕಿ ಹಾಳೆಯೊಳಗೆ ಸೊಪ್ಪು, ಸೌತೆ, ಅಕ್ಕಿ ಶಾವಿಗೆ, ಸಿಗಡಿ, ಹಂದಿಮಾಂಸ ಇಟ್ಟು ಸುತ್ತಿ, ಅದ್ದಿಕೊಂಡು ತಿನ್ನುವುದು. ಸುತ್ತಿದ ಮೇಲೆ ಕರಿಯುವುದೂ ಇಲ್ಲ, ಬೇಯಿಸುವುದೂ ಇಲ್ಲ.

ಅಕ್ಕಿ ಹಾಳೆಯ ಪೊಟ್ಟಣ ಬಿಚ್ಚಿದ ದಿನ ನಾನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತೆ. ಮೈತುಂಬ ಚಾಪೆಯ ಹೆಣಿಗೆಯ ಗುರುತು. ಅಲ್ಲಿ ಕುದಿಯುವ ನೀರಿನ ಹಂಡೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿಹಿಟ್ಟಿನ ತೆಳು ಸಂಪಳ ಹರಡಿ, ಆವಿಯಲ್ಲಿ ಬೆಂದದ್ದನ್ನು ಬಿದಿರಿನ ಕಡ್ಡಿಯಿಂದ ಎತ್ತಿ, ಬಿದಿರಿನ ತಟ್ಟಿಯ ಮೇಲೆ ಬಿಸಿಲಿಗೆ ಹಾಕುತ್ತಾರೆ. ಒಣಗುವಾಗ ತಟ್ಟಿಯ ಹೆಣಿಗೆ ಹಾಳೆಯ ಮೇಲೆ ಮೂಡುತ್ತದೆ. ಓದುತ್ತಿದ್ದಂತೆ ಕಣ್ಣೆದುರು ಬಂದದ್ದು ಅಜ್ಜಿಯ ಎಲೆ ಸಂಡಿಗೆ. ಎಲೆಯ ಮೇಲೆ ಅಕ್ಕಿಹಿಟ್ಟು ಸವರಿ, ಆವಿಯಲ್ಲಿ ಬೇಯಿಸಿ, ಸುಲಿದು ಒಣಗಿಸಿದರೆ ಅದರ ಮೇಲೆ ಎಲೆಯ ನರ ಮೂಡಿರುತ್ತಿತ್ತು. ನಾವು ಒಣಗಿದ್ದನ್ನು ಎಣ್ಣೆಗೆ ಬಿಡುತ್ತೇವೆ, ಅವರು ನೀರಿಗೆ ಬಿಡುತ್ತಾರೆ. ಅವರ ತಾಯ್ ನಿನ್ ಪ್ರಾಂತದ ಟ್ರಾಂಗ್ ಬಾಂಗ್‌ನಲ್ಲಿ ನೀರಿಗೂ ಬಿಡದ ಒಂದು ಬಗೆ ಇದೆ: ಎರಡು ಪದರದ ಹಾಳೆಯನ್ನು ಒಣಗಿಸಿ, ಕೆಂಡದ ಮೇಲೆ ತುಸುವೇ ಸುಟ್ಟು, ರಾತ್ರಿ ಮಂಜಿಗೆ ಹರವುತ್ತಾರೆ. ಇಬ್ಬನಿ ಕುಡಿದು ಅದು ತಾನೇ ಮೆತ್ತಗಾಗುತ್ತದೆ. ಸಂಡಿಗೆ ಮಾಡುವ ಮನೆಯಲ್ಲಿ ಇಬ್ಬನಿ ಬಿತ್ತೆಂದರೆ ಬೈಗುಳ. ಅಲ್ಲಿ ಅದೇ ಬೇಕಾದ್ದು.

ಮೊದಲ ಪ್ರಯೋಗ ನನ್ನೊಬ್ಬಳದೇ, ಕೆಟ್ಟಿತು. ಹಾಳೆಯನ್ನು ಒಂದು ನಿಮಿಷ ನೀರಲ್ಲಿ ಬಿಟ್ಟೆ, ಎತ್ತಿದರೆ ಅಂಟಿನ ಮುದ್ದೆ. ಗುಟ್ಟು ಇಷ್ಟೇ: ಅಗಲ ತಟ್ಟೆಯ ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿ ಐದು ಎಣಿಸುವುದರೊಳಗೆ ತೆಗೆಯಬೇಕು. ಇನ್ನೂ ಬಿರುಸಾಗಿದೆಯಲ್ಲ ಅನ್ನಿಸುವಾಗಲೇ. ತಟ್ಟೆಯ ಮೇಲೆ ಇಟ್ಟು ತರಕಾರಿ ಜೋಡಿಸುವಷ್ಟರಲ್ಲಿ ಉಳಿದ ನೀರನ್ನು ಅದೇ ಹೀರಿಕೊಂಡು ಬಗ್ಗುತ್ತದೆ. ಹೂರಣವನ್ನು ನಿಮ್ಮ ಕಡೆಯ ಮೂರನೇ ಒಂದು ಭಾಗದಲ್ಲಿ ಇಡಿ, ಒಂದು ಸುತ್ತು ಬಿಗಿಯಾಗಿ ಸುತ್ತಿ, ಎರಡೂ ಬದಿ ಒಳಗೆ ಮಡಿಸಿ, ಮತ್ತೆ ಸುತ್ತಿ. ಮೊದಲೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಹಾಳೆ ಬಿರುಸಾಗುತ್ತದೆ, ಒಂದಕ್ಕೊಂದು ತಾಗಿಸಿ ಇಟ್ಟರೆ ಅಂಟಿಕೊಂಡು ಹರಿಯುತ್ತದೆ. ಅಂದರೆ ಮೊದಲೇ ಮಾಡಿಡುವ ಹಾಗೇ ಇಲ್ಲ. ಇದು ದೋಷ ಅಂದುಕೊಂಡಿದ್ದೆ.

ವಿಯೆಟ್ನಾಮಿನವರು ಹೂರಣಕ್ಕೆ ಹಾಕುವ ಅಕ್ಕಿ ಶಾವಿಗೆ, 'ಬೂನ್', ನಮ್ಮ ಒತ್ತು ಶಾವಿಗೆಯ ದಾಯಾದಿ. ಅವರು ಹಿಟ್ಟನ್ನು ನೇರ ಕುದಿನೀರಿಗೆ ಒತ್ತುತ್ತಾರೆ, ನಾವು ಬೆಂದ ಮುದ್ದೆಯನ್ನು ಒರಳಲ್ಲಿ ಒತ್ತುತ್ತೇವೆ. ಬೆಳಗಿನ ತಿಂಡಿಗೆ ಮಾಡಿದ್ದ ಶಾವಿಗೆಯನ್ನೇ ಒಗ್ಗರಣೆ ಹಾಕದೆ ಎತ್ತಿಟ್ಟೆ. ಸೌತೆ, ಕ್ಯಾರೆಟ್, ಪುದೀನ, ಕೊತ್ತಂಬರಿ, ಲೆಟಿಸ್, ಉಪ್ಪು ಮೆಣಸು ಸವರಿ ಹುರಿದ ಪನೀರು. ಅದ್ದಿಕೊಳ್ಳಲು ಹುರಿದ ಕಡಲೆಕಾಯಿ ಬೀಜ ಒಂದು ಬಟ್ಟಲು, ಎರಡು ಚಮಚ ಸೋಯಾ ಸಾಸ್, ನಿಂಬೆ ಗಾತ್ರದ ಬೆಲ್ಲ, ಹುಣಸೆರಸ, ಒಂದು ಎಸಳು ಬೆಳ್ಳುಳ್ಳಿ, ಎರಡು ಒಣಮೆಣಸಿನಕಾಯಿ. ಬಿಸಿನೀರು ಹಾಕಿ ರುಬ್ಬಿದ್ದು. ಸೋಯಾದಲ್ಲೇ ಉಪ್ಪಿದೆ, ಮತ್ತೆ ಹಾಕಬೇಡಿ. ಇವನ್ನೆಲ್ಲ ಮಧ್ಯಾಹ್ನವೇ ಹೆಚ್ಚಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಗುಂಪಿಗೆ ಸಂದೇಶ ಕಳಿಸಿದೆ: ಸಂಜೆ ಏಳಕ್ಕೆ ಬನ್ನಿ, ಕೈ ತೊಳೆದುಕೊಂಡು ಬನ್ನಿ, ತಿಂಡಿ ನೀವೇ ಮಾಡಿಕೊಳ್ಳಬೇಕು.

ಕಳಿಸಿದ ಮೇಲೆ ಎದೆ ಡವಡವ. ಮನೆಗೆ ಬಂದವರ ಕೈಲಿ ಕೆಲಸ ಮಾಡಿಸುವುದು ಅಂದರೆ ಏನು? ನಮ್ಮಲ್ಲಿ ಬಂದವರು ತಟ್ಟೆ ಎತ್ತಲು ಹೋದರೂ "ಅಯ್ಯೋ ಬಿಡಿ ಬಿಡಿ" ಅಂತ ಕಿತ್ತುಕೊಳ್ಳುವವರು ನಾವು.

"ಏನವಾ ಇದು, ಪ್ಲಾಸ್ಟಿಕ್ ಇದ್ದಂಗ ಐತಲ್ಲ!" ಅಂದಳು ಹುಬ್ಬಳ್ಳಿ. ಅವಳ ಮೊದಲ ಸುರುಳಿ ದಿಂಬಿನಷ್ಟಾಗಿ ಹೊಟ್ಟೆ ಒಡೆಯಿತು. ಎರಡನೆಯದು ಸಾವಧಾನವಾಗಿ ಸುತ್ತಿ, ನನ್ನ ಗೊಜ್ಜಿಗೆ ಅದ್ದಿ ತಿಂದು, ಮುಖ ಒಂದು ಥರ ಮಾಡಿ, ಚೀಲದಿಂದ ತನ್ನ ಊರಿನ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದಳು. ಅದನ್ನು ಹಾಳೆಯ ಮೇಲೆ ಉದುರಿಸಿ ಸುತ್ತಿದ ಮೂರನೆಯದನ್ನು ನಮಗೆಲ್ಲ ಒಂದೊಂದು ಕಚ್ಚು ಕೊಟ್ಟಳು. ಹೇಳಲು ಹೊಟ್ಟೆಕಿಚ್ಚಾಗುತ್ತದೆ, ನನ್ನ ಗೊಜ್ಜಿಗಿಂತ ಅದೇ ಚೆನ್ನಾಗಿತ್ತು. ಕುಮಟೆ ಮಾತ್ರ ಮಾತಾಡದೆ, ಅಂಗಡಿಯಲ್ಲಿಡುವ ಹಾಗೆ ಅಚ್ಚುಕಟ್ಟಾದ ಸುರುಳಿಗಳನ್ನು ಸುತ್ತಿ ಸಾಲಾಗಿ ಇಡುತ್ತಿದ್ದಳು. ಅವು ಅಂಟಿಕೊಂಡವು. ಬಿಡಿಸಲು ಹೋಗಿ ಎರಡು ಹರಿದವು.

ನಾನು ಕೂತಿದ್ದೆ. ಏಳರಿಂದ ಒಂಬತ್ತರವರೆಗೆ ಎದ್ದದ್ದು ಒಂದೇ ಸಲ, ತಟ್ಟೆಯ ನೀರು ತಣ್ಣಗಾಗಿದ್ದಕ್ಕೆ. ವಾರ್ಡನ್ ಕಥೆಯನ್ನು ಮತ್ತೆ ಹೇಳಿಸಿದೆ. ಅಂಥ ನಗು ಬರುವ ಕಥೆಯೇನೂ ಆಗಿರಲಿಲ್ಲ.

ಆಮೇಲೆ ಇದು ಎರಡು ಮೂರು ತಿಂಗಳಿಗೊಮ್ಮೆ ನಡೆಯತೊಡಗಿತು. ಅಂಟುವ ಅನ್ನದಿಂದ ಕಟ್ಟುವ ಜಪಾನಿನ ಸುಷಿಯನ್ನು ಒಂದು ಸಲ ಮುಟ್ಟಿ ಕೈಬಿಟ್ಟೆ. ಸೋನಾ ಮಸೂರಿಯ ಅನ್ನ ಉದುರುದುರು, ಅದು ಅಂಟುವುದಿಲ್ಲ, ನನಗೂ ಅಂಟಲಿಲ್ಲ.

ಕಳೆದ ದೀಪಾವಳಿಯ ಮುಂದಿನ ವಾರ ಅಮ್ಮ ಬಂದಿದ್ದಳು. ಆ ಸಲ ಮಾಡಿದ್ದು ಥಾಯ್ಲೆಂಡಿನ ಮಿಯಾಂಗ್ ಖಾಮ್. ಮಿಯಾಂಗ್ ಅಂದರೆ ಎಲೆಯಲ್ಲಿ ಸುತ್ತಿ ತಿನ್ನುವುದು, ಖಾಮ್ ಅಂದರೆ ತುತ್ತು. ಉತ್ತರ ಥಾಯ್ಲೆಂಡಿನಲ್ಲಿ ಹುಳಿ ಬರಿಸಿದ ಚಹಾ ಎಲೆಯನ್ನು ಬಾಯಲ್ಲಿಟ್ಟು ಅಗಿಯುವುದಕ್ಕೂ ಮಿಯಾಂಗ್ ಅಂತಲೇ ಹೆಸರು, ನಮ್ಮ ಎಲೆಅಡಿಕೆಯ ಹಾಗೆ. ಮಿಯಾಂಗ್ ಖಾಮ್‌ಗೆ ಬೇಕಾದ ಎಲೆ 'ಚಾ ಫ್ಲೂ'. ವೀಳ್ಯದೆಲೆಯ ದಾಯಾದಿಯೇ, ನೋಡಲು ಅದೇ ಹೃದಯದಾಕಾರ, ಖಾರ ಮಾತ್ರ ಕಡಿಮೆ. ಅದು ಇಲ್ಲಿ ನನಗೆ ಸಿಗಲಿಲ್ಲ. ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಕಟ್ಟು ಮೈಸೂರು ಚಿಗುರೆಲೆ ತಂದೆ, ಅದರಲ್ಲೂ ಎಳೆಯವನ್ನು ಆರಿಸಿ. ಬಲಿತ ಎಲೆಯಾದರೆ ಬೇರೆ ಯಾವ ರುಚಿಯೂ ನಾಲಿಗೆಗೆ ತಾಗುವುದಿಲ್ಲ.

ಎಲೆಯ ಸುತ್ತ ಸಣ್ಣ ಸಣ್ಣ ಬಟ್ಟಲುಗಳು. ಕೆಂಪಗೆ ಹುರಿದ ತೆಂಗಿನ ತುರಿ, ಕಡಲೆಕಾಯಿ ಬೀಜ, ಸಿಪ್ಪೆಸಮೇತ ಕಾಳಿನಷ್ಟು ಸಣ್ಣಗೆ ಹೆಚ್ಚಿದ ನಿಂಬೆಹಣ್ಣು, ಶುಂಠಿ, ಸಾಂಬಾರ್ ಈರುಳ್ಳಿ, ಹಸಿಮೆಣಸಿನಕಾಯಿ. ಥಾಯ್ ಮಂದಿ ಒಣಸಿಗಡಿಯನ್ನೂ ಹಾಕುತ್ತಾರೆ. ಅದನ್ನು ಕುಮಟೆ ತಾನೇ ತರುತ್ತೇನೆ ಅಂದಿದ್ದಳು, ಒಣ ಶೆಟ್ಲಿ, ಬೇರೆ ಡಬ್ಬಿಯಲ್ಲಿ, ಬೇರೆ ಚಮಚದೊಡನೆ, ಅಮ್ಮನಿಗೆ ಕಾಣದ ಹಾಗೆ ತನ್ನ ಬದಿಗೆ ಇಟ್ಟುಕೊಂಡಳು. ಮೇಲೆ ಸುರಿಯಲು ಅವರು ಮಾಡುವುದು ತಾಳೆಬೆಲ್ಲದ ಪಾಕ. ನಾನು ಜೋನಿಬೆಲ್ಲಕ್ಕೆ ಹುಣಸೆರಸ, ಶುಂಠಿ, ಉಪ್ಪು, ಜಜ್ಜಿದ ಮಜ್ಜಿಗೆ ಹುಲ್ಲು ಹಾಕಿ ಕುದಿಸಿ ಸೋಸಿದೆ. ಎಲೆಯನ್ನು ಬೊಗಸೆಯ ಹಾಗೆ ಮಡಿಸಿ, ಎಲ್ಲದರಿಂದಲೂ ಒಂದೊಂದು ಚಿಟಿಕೆ ಹಾಕಿ, ಪಾಕ ಬಿಟ್ಟು, ಇಡಿಯಾಗಿ ಬಾಯಿಗೆ. ಅರ್ಧ ಕಚ್ಚಿದರೆ ಕೆಟ್ಟಿತು. ಒಂದೇ ಬಾಯಿಗೆ ಹೋದರೆ ಮೊದಲು ಸಿಹಿ, ಆಮೇಲೆ ನಿಂಬೆಸಿಪ್ಪೆಯ ಕಹಿ, ಕಡೆಗೆ ಮೆಣಸಿನಕಾಯಿ.

ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು.

"ಒಳಗೆ ಏನೂ ಕೆಲಸ ಇಲ್ವೇನೇ?" ಅಂದಳು.

"ಇಲ್ಲಮ್ಮ."

"ಬಂದೋರ ಕೈಲಿ ಮಾಡಿಸ್ತಿದ್ದೀಯಲ್ಲೇ?"

"ಬನ್ನಿ ಆಂಟಿ, ಕೂತ್ಕೊಳಿ" ಅಂತ ಮಂಡ್ಯ ಕುರ್ಚಿ ಎಳೆದಳು. ಅಮ್ಮ ಒಳಗೆ ಹೋದಳು. ಕಾಫಿ ಪುಡಿಯ ಡಬ್ಬಿ ತೆಗೆದು ಮುಚ್ಚಿದ ಸದ್ದು. ನಲ್ಲಿ ಬಿಟ್ಟು ನಿಲ್ಲಿಸಿದ ಸದ್ದು. ತೊಳೆಯಲು ಒಂದು ಲೋಟವೂ ಇರಲಿಲ್ಲ. ಮತ್ತೆ ಬಂದು ಚೌಕಟ್ಟಿನಲ್ಲಿ ನಿಂತಳು, ಹುಬ್ಬಳ್ಳಿಯವಳು ಎಲೆಯನ್ನು ಅಡ್ಡಾದಿಡ್ಡಿ ಮಡಿಸಿ ಪಾಕವನ್ನೆಲ್ಲ ಮೊಣಕೈಗೆ ಇಳಿಸಿಕೊಂಡದ್ದನ್ನು ನೋಡಿ ತಡೆಯಲಾರದೆ ಹೋದಳು.

"ಹಾಗಲ್ಲ ಮಗ, ಕೊಡು ಇಲ್ಲಿ."

ಕೂತಳು. ಎಲೆಯ ತೊಟ್ಟು ಮುರಿದು, ಬೆನ್ನಿನ ನರವನ್ನು ಉಗುರಿನಿಂದ ಎಳೆದು, ಸೀರೆಯ ಸೆರಗಿನಿಂದ ಒರೆಸಿದಳು. ಶಂಖದ ಹಾಗೆ ಸುತ್ತಿ, ತೆಂಗು, ಶುಂಠಿ, ನಿಂಬೆ ತುಂಬಿ, ಪಾಕ ಬಿಟ್ಟು, ಬಾಯಿ ಮಡಿಸಿ, "ಲವಂಗ ತಾ" ಅಂದಳು. ಅವತ್ತಿನ ಒಂದೇ ಒಂದು ಓಡಾಟ ಅದು, ಲವಂಗದ ಡಬ್ಬಿಗಾಗಿ. ಅಮ್ಮ ಐದು ಬೀಡ ಕಟ್ಟಿ ಐವರಿಗೂ ಕೊಟ್ಟಳು. ಲವಂಗ ತೆಗೆದು ತಿನ್ನಿ ಅಂತ ಹೇಳಲು ಮರೆತಳು, ತೀರ್ಥಹಳ್ಳಿ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದಳು. ಆರನೆಯದನ್ನು ಕಟ್ಟಿ ತಾನು ತಿಂದಳು. ಒಂದು ನಿಮಿಷ ಅಗಿದು, "ಅಡಿಕೆ ಎಲ್ಲಿ?" ಅಂದಳು. ಇದಕ್ಕೆ ಅಡಿಕೆ ಇಲ್ಲಮ್ಮ ಅಂದೆ. "ಸುಣ್ಣಾನೂ ಇಲ್ವಾ?" ಇಲ್ಲ. "ಊಟಕ್ಕೆ ಮುಂಚೆ ಎಲೆ ಹಾಕ್ಕೊಳ್ಳೋ ಜನ ಯಾರಪ್ಪಾ!" ಅಂತ ಗೊಣಗುತ್ತಾ ಏಳನೆಯದಕ್ಕೆ ಎಲೆ ಎತ್ತಿಕೊಂಡಳು. ಒಂಬತ್ತೂವರೆ ತನಕ ಎದ್ದೇಳಲಿಲ್ಲ.

ಎಲ್ಲರೂ ಹೋದ ಮೇಲೆ ತಟ್ಟೆಯಲ್ಲಿ ನಾಲ್ಕು ಚಿಗುರೆಲೆ ಉಳಿದಿದ್ದವು. ಅಮ್ಮ ಅವನ್ನು ಹತ್ತಿರಕ್ಕೆ ಎಳೆದುಕೊಂಡು, ಸೊಂಟದ ಸಂಚಿಯಿಂದ ಅಡಿಕೆ ಸುಣ್ಣ ತೆಗೆದಳು.